ಬಂದ ದುಡ್ಡು, ದುಡಿದ ದುಡ್ಡು

ದೇವನಹಳ್ಳಿ ಕಡೆಯ ಜಮೀನು ಮಾರಿದ ಮೇಲೆ ನಿಮ್ಮ ಪತಿ ಊರ ಜಾತ್ರೆಗೆ ಐದು ಲಕ್ಷ ಕೊಟ್ಟರು, ಸ್ನೇಹಿತರ ಬಿಲ್ಲನ್ನೆಲ್ಲ ತಾವೇ ಕಟ್ಟುತ್ತಾರೆ. ಮನೆಗೆಲಸದಾಕೆ ಐನೂರು ಹೆಚ್ಚು ಕೇಳಿದರೆ ಮಾತ್ರ ಸಿಡುಕುತ್ತಾರೆ ಎಂದು ಬರೆದಿದ್ದೀರಿ. ಇದು ಅವರೊಬ್ಬರ ದೋಷವಲ್ಲ. ಬೆವರಿನ ದುಡ್ಡು, ತಾನಾಗಿ ಬಂದ ದುಡ್ಡು, ಎರಡನ್ನೂ ಮನಸ್ಸು ಬೇರೆ ಬೇರೆ ಗಂಟು ಕಟ್ಟಿಡುತ್ತದೆ. 2017ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಮನಸ್ಸಿನ ಲೆಕ್ಕವನ್ನೇ ಅಧ್ಯಯನ ಮಾಡಿದವರು. ಬಂದ ಗಂಟಿನಿಂದ ಕೊಡುವಾಗ ಕೈ ನಡುಗುವುದಿಲ್ಲ, ಹೆಸರೂ ಬರುತ್ತದೆ. ಕೂಲಿ ಹೆಚ್ಚಿಸಿದರೆ ಯಾರೂ ಶಾಲು ಹೊದಿಸುವುದಿಲ್ಲವಲ್ಲ!

ನನ್ನನ್ನು ಕಾಡಿದ್ದು ಪತ್ರದ ಕೊನೆಯ ಸಾಲು. ನಾದಿನಿಗೆ ರೇಷ್ಮೆ ಸೀರೆ ಉಡಿಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರಿ ಎಂದಿರಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಹೇಳುತ್ತದೆ. ನೀವು ಮಾರಿದ ಆ ರಾಗಿ ಹೊಲಕ್ಕೆ ಅಷ್ಟು ಬೆಲೆ ಬಂದದ್ದು ನಿಮ್ಮವರ ದುಡಿಮೆಯಿಂದಲ್ಲ, 2008ರಲ್ಲಿ ಅಲ್ಲಿ ಶುರುವಾದ ವಿಮಾನ ನಿಲ್ದಾಣದಿಂದ. ಅಣ್ಣನಿಗೆ ಒಲಿದ ಅದೃಷ್ಟ ತಂಗಿಯದೂ ಹೌದು. ಆಕೆಯ ಪಾಲು ತಡೆದು ಕೊಟ್ಟ ದಾನವನ್ನು ನಾನು ಔದಾರ್ಯ ಎನ್ನಲಾರೆ.

ಪತಿಯ ಜೊತೆ ಜಗಳಕ್ಕೆ ನಿಲ್ಲಬೇಡಿ. ಒಂದು ಸಂಜೆ ನೋಟ್‌ಬುಕ್ ಹಿಡಿದು ಕೂತು, ಬಂದದ್ದು, ಕೊಟ್ಟದ್ದು, ಕೊಡಬೇಕಾದದ್ದು ಮೂರನ್ನೂ ಅವರ ಕೈಯಲ್ಲೇ ಬರೆಸಿ. ಮುಂದಿನ ಜಾತ್ರೆಯ ರಸೀದಿ ಹರಿಯುವ ಮೊದಲು ನಾದಿನಿಯನ್ನು ಮನೆಗೆ ಕರೆಯಿರಿ.