ನೆನಪಿನ ಕಣಜ

ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಕಾಪಾಡಿಕೊಳ್ಳುವುದು ಇನ್ನೊಂದು ವಿದ್ಯೆ. ಕನ್ನಡ ನಾಡಿನ ರೈತನು ಈ ಎರಡನ್ನೂ ಬಲ್ಲವನಾಗಿದ್ದನು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಬಾಯಿ ಮುಚ್ಚುತ್ತಿದ್ದನು. ಭತ್ತವನ್ನು ಕಣಜದಲ್ಲಿ ಇಡುತ್ತಿದ್ದನು. ಮುಂದಿನ ವರ್ಷದ ಬಿತ್ತನೆಯ ಬೀಜವನ್ನು ಮಾತ್ರ ಊಟದ ಧಾನ್ಯದೊಡನೆ ಸೇರಿಸದೆ ಬೇರೆಯಾಗಿ ಕಟ್ಟಿಡುತ್ತಿದ್ದನು. ಯಾವ ಧಾನ್ಯಕ್ಕೆ ಯಾವ ಪಾತ್ರೆ ತಕ್ಕದ್ದು, ಯಾವುದನ್ನು ಕಣ್ಣಿನಂತೆ ಕಾಯಬೇಕು ಎಂಬ ವಿವೇಕವೇ ಅವನ ಸಂಸಾರವನ್ನು ಬರಗಾಲದಲ್ಲಿ ಉಳಿಸುತ್ತಿತ್ತು.

ಧಾನ್ಯಕ್ಕೆ ಸಲ್ಲುವ ಮಾತು ಬರಹಕ್ಕೂ ಸಲ್ಲುತ್ತದೆ. ಹತ್ತನೆಯ ಶತಮಾನದಲ್ಲಿ ಬಾಳಿದ ಪೊನ್ನ ಮಹಾಕವಿಯು ‘ಶಾಂತಿಪುರಾಣ’ವನ್ನೂ ‘ಭುವನೈಕ ರಾಮಾಭ್ಯುದಯ’ವನ್ನೂ ರಚಿಸಿದನು. ದಾನಚಿಂತಾಮಣಿ ಎನಿಸಿದ ಅತ್ತಿಮಬ್ಬೆಯು ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರೆಯು ಹೇಳುತ್ತದೆ. ಆ ಕೃತಿ ಇಂದಿಗೂ ಓದಲು ದೊರೆಯುತ್ತದೆ. ಅದೇ ಕವಿಯ ಅದೇ ಲೇಖನಿಯಿಂದ ಮೂಡಿದ ಇನ್ನೊಂದು ಕಾವ್ಯವಾದರೋ ಹೆಸರಾಗಿ ಮಾತ್ರ ಉಳಿದಿದೆ. ಓಲೆಗರಿಯನ್ನು ಹುಳು ತಿನ್ನುತ್ತದೆ, ಬೆಂಕಿ ಸುಡುತ್ತದೆ, ನೀರು ಕೊಳೆಸುತ್ತದೆ. ಒಂದು ಪ್ರತಿ ಅಳಿದರೂ ಮತ್ತೊಂದು ಪ್ರತಿ ಎಲ್ಲಿಯೋ ಉಳಿದಿದ್ದರೆ ಮಾತ್ರ ಕಾವ್ಯಕ್ಕೆ ಆಯುಷ್ಯ.

ಇಂದಿನ ಮನೆಗಳಲ್ಲಿ ಓಲೆಗರಿಯಿಲ್ಲ. ಅದರ ಸ್ಥಾನದಲ್ಲಿ ಕಂಪ್ಯೂಟರ್ ಬಂದಿದೆ. ಮಗುವಿನ ಮೊದಲ ಹೆಜ್ಜೆಯ ಚಿತ್ರ, ಅಕ್ಕನ ಮದುವೆಯ ಚಲನಚಿತ್ರ, ಜಮೀನಿನ ಪತ್ರಗಳ ನಕಲು, ತೀರಿಕೊಂಡ ಅಜ್ಜಿಯ ಕಂಠದಲ್ಲಿ ಉಳಿದ ಸೋಬಾನೆ ಪದ, ಇವೆಲ್ಲವೂ ಆ ಯಂತ್ರದೊಳಗೆ ಸೇರಿವೆ. ಯಂತ್ರದ ಹೊಟ್ಟೆ ತುಂಬಿದಾಗಲೋ ಅದು ಕೆಡುವ ಲಕ್ಷಣ ತೋರಿದಾಗಲೋ ಮನೆಯವರು ಹೊರಗಿನಿಂದ ಜೋಡಿಸುವ ಒಂದು ಡಿಸ್ಕನ್ನು ಕೊಳ್ಳಲು ಅಂಗಡಿಗೆ ಹೋಗುತ್ತಾರೆ. ಅಲ್ಲಿ ಬಗೆಬಗೆಯ ಪೆಟ್ಟಿಗೆಗಳು ಸಾಲಾಗಿ ಕುಳಿತಿರುತ್ತವೆ. ಯಾವುದನ್ನು ಆರಿಸಬೇಕು? ಈ ಪ್ರಶ್ನೆಗೆ ಉತ್ತರ ದೊರೆಯಬೇಕಾದರೆ ಆ ಪೆಟ್ಟಿಗೆಯ ಒಳಗೆ ಏನಿದೆ ಎಂಬುದನ್ನು ಮೊದಲು ತಿಳಿಯಬೇಕು.

ಹಾರ್ಡ್ ಡಿಸ್ಕಿನ ಮೂಲ ಪುರುಷನು ಹುಟ್ಟಿದ್ದು 1956ರಲ್ಲಿ. ಅಮೆರಿಕದ ಐಬಿಎಂ ಸಂಸ್ಥೆಯ ಇಂಜಿನಿಯರುಗಳು ರೆನಾಲ್ಡ್ ಜಾನ್ಸನ್ ಎಂಬಾತನ ನೇತೃತ್ವದಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ನಗರದಲ್ಲಿ ಅದನ್ನು ನಿರ್ಮಿಸಿದರು. 24 ಅಂಗುಲ ವ್ಯಾಸದ 50 ತಟ್ಟೆಗಳು ಒಂದರ ಮೇಲೊಂದರಂತೆ ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದವು. ಅದರ ತೂಕ ಸುಮಾರು ಒಂದು ಟನ್. ಇಷ್ಟೆಲ್ಲ ಗಾತ್ರವಿದ್ದರೂ ಅದರಲ್ಲಿ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನಲ್ಲಿ ತೆಗೆದ ಒಂದೆರಡು ಭಾವಚಿತ್ರಗಳಿಗೆ ಅಷ್ಟು ಸ್ಥಳ ಸಾಲದು. ಅಂಗೈಯಗಲದ ಇಂದಿನ ಪೆಟ್ಟಿಗೆಯು ಒಂದು ಟೆರಾಬೈಟ್, ಎಂದರೆ ಒಂದು ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಒಂದು ಚಿತ್ರಕ್ಕೆ 4 ಮೆಗಾಬೈಟ್ ಎಂದು ಲೆಕ್ಕ ಹಾಕಿದರೆ, ಅದರಲ್ಲಿ ಎರಡೂವರೆ ಲಕ್ಷ ಚಿತ್ರಗಳನ್ನು ಇಡಬಹುದು.

ಗಾತ್ರ ಕುಗ್ಗಿದರೂ ತತ್ತ್ವ ಬದಲಾಗಿಲ್ಲ. ಇಂದಿನ ಹಾರ್ಡ್ ಡಿಸ್ಕಿನೊಳಗೂ ಕನ್ನಡಿಯಂತೆ ನುಣುಪಾದ ತಟ್ಟೆಗಳಿವೆ. ಅವುಗಳ ಮೇಲೆ ಕಾಂತೀಯ ವಸ್ತುವಿನ ಅತಿ ತೆಳುವಾದ ಲೇಪನವಿದೆ. ತಟ್ಟೆಯು ನಿಮಿಷಕ್ಕೆ 5400 ಅಥವಾ 7200 ಬಾರಿ ಸುತ್ತುತ್ತದೆ. ಸೂಜಿಯಂತಹ ಒಂದು ತೋಳಿನ ತುದಿಯಲ್ಲಿರುವ ‘ಹೆಡ್’ ಎಂಬ ಭಾಗವು ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೋಮೀಟರುಗಳಷ್ಟು ಎತ್ತರದಲ್ಲಿ ತೇಲುತ್ತ, ಕಾಂತೀಯ ಗುರುತುಗಳನ್ನು ಬರೆಯುತ್ತದೆ ಮತ್ತು ಓದುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಒಂದು ಪಾಲೇ ನ್ಯಾನೋಮೀಟರ್. ಮನುಷ್ಯನ ಒಂದು ಕೂದಲೆಳೆಯೂ ಈ ಅಂತರದ ಮುಂದೆ ಬೆಟ್ಟದಂತೆ ಕಾಣುತ್ತದೆ. ಆದುದರಿಂದಲೇ ತಿರುಗುತ್ತಿರುವ ಡಿಸ್ಕ್ ಮೇಜಿನಿಂದ ಕೆಳಗೆ ಬಿದ್ದರೆ ಹೆಡ್ ತಟ್ಟೆಗೆ ತಗುಲಿ ಲೇಪನವನ್ನು ಗೀರಿಬಿಡಬಹುದು. ಒಂದು ಕ್ಷಣದ ಅಜಾಗರೂಕತೆಗೆ ಹತ್ತು ವರ್ಷಗಳ ನೆನಪು ಬಲಿಯಾಗುತ್ತದೆ.

ತಿರುಗುವ ಭಾಗವೇ ಇಲ್ಲದ ಇನ್ನೊಂದು ಜಾತಿಯ ಸಂಗ್ರಾಹಕವೂ ಉಂಟು. ಅದಕ್ಕೆ ಎಸ್‌ಎಸ್‌ಡಿ ಎಂದು ಹೆಸರು. 1980ರ ದಶಕದಲ್ಲಿ ಜಪಾನಿನ ತೋಷಿಬಾ ಸಂಸ್ಥೆಯ ಇಂಜಿನಿಯರ್ ಫುಜಿಯೊ ಮಸುವೊಕ ಕಂಡುಹಿಡಿದ ‘ಫ್ಲ್ಯಾಶ್’ ಸ್ಮೃತಿಯೇ ಇದರ ಜೀವಾಳ. ಸಿಲಿಕಾನ್ ಬಿಲ್ಲೆಯ ಮೇಲಿನ ಕೋಟಿಗಟ್ಟಲೆ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಸೆರೆಹಿಡಿದು ಇದು ಮಾಹಿತಿಯನ್ನು ಕಾಪಾಡುತ್ತದೆ. ಇದು ಸದ್ದು ಮಾಡುವುದಿಲ್ಲ. ಹಾರ್ಡ್ ಡಿಸ್ಕಿಗಿಂತ ಹಲವು ಪಟ್ಟು ವೇಗವಾಗಿ ಕೆಲಸ ಮಾಡುತ್ತದೆ. ಕೈಜಾರಿ ಬಿದ್ದರೂ ಸುಲಭವಾಗಿ ಕೆಡುವುದಿಲ್ಲ. ಆದರೆ ಅಷ್ಟೇ ಸ್ಥಳಕ್ಕೆ ಹೆಚ್ಚು ಬೆಲೆ ತೆರಬೇಕು. ವರ್ಷಗಟ್ಟಲೆ ವಿದ್ಯುತ್ ಸಂಪರ್ಕವಿಲ್ಲದೆ ಮೂಲೆಯಲ್ಲಿಟ್ಟರೆ ಸೆರೆಯಾದ ವಿದ್ಯುದಂಶವು ಮೆಲ್ಲಮೆಲ್ಲನೆ ಸೋರಿಹೋಗುವ ಭಯವೂ ಇದೆ. ಆದಕಾರಣ ದಿನವೂ ಚೀಲದಲ್ಲಿ ಹೊತ್ತು ತಿರುಗುವವರಿಗೆ ಎಸ್‌ಎಸ್‌ಡಿ ಉತ್ತಮ. ಮನೆಯ ಕಪಾಟಿನಲ್ಲಿ ದೊಡ್ಡ ಭಂಡಾರವನ್ನು ಕಡಿಮೆ ಖರ್ಚಿನಲ್ಲಿ ಇಡಬಯಸುವವರಿಗೆ ಹಾರ್ಡ್ ಡಿಸ್ಕ್ ತಕ್ಕದ್ದು.

ಕೆಲವೊಮ್ಮೆ ಹೊಸ ಡಿಸ್ಕನ್ನು ಕೊಳ್ಳುವ ಅಗತ್ಯವೇ ಇರುವುದಿಲ್ಲ. ಮನೆಯ ಹಳೆಯ ಕಂಪ್ಯೂಟರ್ ಕೆಟ್ಟು ನಿಂತಿದ್ದರೂ ಅದರೊಳಗಿನ ಡಿಸ್ಕ್ ಆರೋಗ್ಯವಾಗಿರಬಹುದು. ಅದನ್ನು ಹೊರತೆಗೆದು, ಎನ್‌ಕ್ಲೋಷರ್ ಎಂದು ಕರೆಯುವ ಹೊರಕವಚದಲ್ಲಿ ಕೂರಿಸಿದರೆ ಅದು ಮತ್ತೆ ದುಡಿಯತೊಡಗುತ್ತದೆ. ಕವಚವು ಬರಿಯ ಡಬ್ಬಿಯಲ್ಲ. ಅದರೊಳಗಿನ ಚಿಕ್ಕ ಫಲಕವೊಂದು ಡಿಸ್ಕಿನ ಭಾಷೆಯನ್ನು ಯುಎಸ್‌ಬಿಯ ಭಾಷೆಗೆ ತಿರುಗಿಸುವ ದುಭಾಷಿಯಾಗಿ ಕೆಲಸ ಮಾಡುತ್ತದೆ. ಕಾಲಿನ ಅಳತೆಗೆ ಪಾದರಕ್ಷೆ ಹೊಂದಬೇಕಾದಂತೆ, ಡಿಸ್ಕಿನ ಅಳತೆಗೆ ಕವಚ ಹೊಂದಬೇಕು. ಲ್ಯಾಪ್‌ಟಾಪಿನ ಡಿಸ್ಕ್ ಎರಡೂವರೆ ಅಂಗುಲದ್ದು. ಅದಕ್ಕೆ ಯುಎಸ್‌ಬಿ ತಂತಿಯಿಂದ ಬರುವ 5 ವೋಲ್ಟ್ ವಿದ್ಯುತ್ ಸಾಮಾನ್ಯವಾಗಿ ಸಾಕಾಗುತ್ತದೆ. ಮೇಜಿನ ಕಂಪ್ಯೂಟರಿನ ಮೂರೂವರೆ ಅಂಗುಲದ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕು. ಆದುದರಿಂದ ಅದರ ಕವಚಕ್ಕೆ ಪ್ರತ್ಯೇಕ ವಿದ್ಯುತ್ ಅಡಾಪ್ಟರ್ ಇರಲೇಬೇಕು. ಕಡ್ಡಿಯಂತೆ ಚಪ್ಪಟೆಯಾದ ಎಂ.2 ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಬಗೆಗಳಿವೆ. ನೋಟಕ್ಕೆ ಅವಳಿಗಳಂತಿದ್ದರೂ ಒಂದಕ್ಕಾಗಿ ಮಾಡಿದ ಕವಚವು ಇನ್ನೊಂದಕ್ಕೆ ಆಗಿಬರುವುದಿಲ್ಲ; ಎರಡಕ್ಕೂ ಹೊಂದುವ ಕವಚಗಳೂ ಇವೆ. ವೇಗದ ಎಸ್‌ಎಸ್‌ಡಿ ಬಿಸಿಯಾಗುವುದರಿಂದ ಶಾಖವನ್ನು ಹೊರಚೆಲ್ಲುವ ಲೋಹದ ಕವಚವೇ ಮೇಲು.

ಪಾತ್ರೆಯಷ್ಟೇ ಮುಖ್ಯವಾದುದು ಅದಕ್ಕೆ ನೀರು ತರುವ ಕಾಲುವೆ. 2000ದಲ್ಲಿ ಬಂದ ಯುಎಸ್‌ಬಿ 2.0 ಮಾರ್ಗದಲ್ಲಿ ಸೆಕೆಂಡಿಗೆ 35 ಮೆಗಾಬೈಟಿನ ಆಸುಪಾಸಿನಲ್ಲಿ ಮಾಹಿತಿ ಹರಿಯುತ್ತದೆ. ಆ ವೇಗದಲ್ಲಿ 500 ಗಿಗಾಬೈಟ್ ಸಾಗಿಸಲು ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ. 2008ರಲ್ಲಿ ರೂಪುಗೊಂಡ ಯುಎಸ್‌ಬಿ 3.0 ಮಾರ್ಗದಲ್ಲಿ, ಸೆಕೆಂಡಿಗೆ 120 ಮೆಗಾಬೈಟ್ ಬರೆಯಬಲ್ಲ ಹಾರ್ಡ್ ಡಿಸ್ಕಿಗೆ ಅದೇ ಕೆಲಸ ಒಂದು ಗಂಟೆ ಹತ್ತು ನಿಮಿಷಗಳದು. ಕಂಪ್ಯೂಟರ್, ತಂತಿ, ಕವಚ ಈ ಮೂರರಲ್ಲಿ ಯಾವುದು ನಿಧಾನವೋ ಅದರ ವೇಗವೇ ಎಲ್ಲಕ್ಕೂ ಮಿತಿ. ಹಳೆಯ ಕಂಪ್ಯೂಟರಿಗೆ ಅತಿವೇಗದ ಡಿಸ್ಕನ್ನು ಜೋಡಿಸುವುದು ಕಾಲುದಾರಿಯಲ್ಲಿ ಕುದುರೆ ಓಡಿಸಿದಂತೆ.

ಕೊಂಡು ತಂದ ಮೇಲೆ ಕೆಲವರಿಗೆ ಒಂದು ದಿಗಿಲು ಉಂಟಾಗುತ್ತದೆ. ಒಂದು ಟೆರಾಬೈಟ್ ಎಂದು ಹೇಳಿದ ಡಿಸ್ಕಿನಲ್ಲಿ ಕಂಪ್ಯೂಟರು 931 ಗಿಗಾಬೈಟ್ ಮಾತ್ರ ತೋರಿಸುತ್ತದೆ. ಇದು ಮೋಸವಲ್ಲ, ಅಳತೆಯ ಸೇರು ಬೇರೆ. ತಯಾರಕರು ಸಾವಿರಕ್ಕೆ ಒಂದರಂತೆ ಎಣಿಸುತ್ತಾರೆ. ಕೆಲವು ಕಂಪ್ಯೂಟರುಗಳು 1024ಕ್ಕೆ ಒಂದರಂತೆ ಎಣಿಸುತ್ತವೆ. ನಿಜವಾದ ಮೋಸವು ಬೇರೆ ಕಡೆಗಿದೆ. ನಂಬಲಾಗದಷ್ಟು ಅಗ್ಗದ ಬೆಲೆಗೆ ಹತ್ತಾರು ಟೆರಾಬೈಟ್ ಎಂದು ಮಾರುವ ಕೆಲವು ಪೆಟ್ಟಿಗೆಗಳು ತಮ್ಮ ಗಾತ್ರದ ವಿಷಯದಲ್ಲಿ ಕಂಪ್ಯೂಟರಿಗೇ ಸುಳ್ಳು ಹೇಳುತ್ತವೆ. ಒಳಗಿನ ಅಲ್ಪ ಸ್ಥಳ ತುಂಬಿದೊಡನೆ ಹೊಸದನ್ನು ಹಳೆಯದರ ಮೇಲೆಯೇ ಬರೆಯುತ್ತವೆ, ಇಲ್ಲವೆ ಬರೆದಂತೆ ನಟಿಸುತ್ತವೆ. ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಲು ಜೋಳವನ್ನು ಕೊಂಡವನ ಪಾಡೇ ಇಂಥವುಗಳನ್ನು ಕೊಂಡವನದು. ನಂಬಿಕೆಯ ಅಂಗಡಿಯಲ್ಲಿ ರಸೀತಿಯೊಡನೆ ಕೊಂಡು, ಮೊದಲ ದಿನವೇ ತುಂಬಿಸಿ ಪರೀಕ್ಷಿಸುವುದು ಜಾಣತನ.

ಹೀಗೆ ಎಲ್ಲವನ್ನೂ ಅಳೆದು ಸುರಿದು ಉತ್ತಮವಾದ ಡಿಸ್ಕನ್ನೇ ತಂದರೂ ಕೆಲಸ ಮುಗಿಯಲಿಲ್ಲ. ಡಿಸ್ಕಿಗೆ ಎರಡು ಮೂರು ವರ್ಷಗಳ ಖಾತರಿ ಇರುವುದುಂಟು. ಆದರೆ ಆ ಖಾತರಿ ಡಿಸ್ಕಿಗೆ ಮಾತ್ರ. ಕೆಟ್ಟ ಡಿಸ್ಕಿಗೆ ಬದಲಾಗಿ ಹೊಸ ಡಿಸ್ಕ್ ಬರುತ್ತದೆಯೇ ಹೊರತು ಅಜ್ಜಿಯ ಸೋಬಾನೆ ಪದ ಬರುವುದಿಲ್ಲ. ಹಲವರು ಹೊಸ ಡಿಸ್ಕಿಗೆ ಎಲ್ಲವನ್ನೂ ಸಾಗಿಸಿ, ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿ ನಿಶ್ಚಿಂತರಾಗುತ್ತಾರೆ. ಅವರು ಮಾಡಿದ್ದು ರಕ್ಷಣೆಯಲ್ಲ, ಕೇವಲ ಸ್ಥಳಾಂತರ. ‘ಒಂದು ಕಣ್ಣು ಕಣ್ಣಲ್ಲ’ ಎಂದು ಹಿರಿಯರು ಹೇಳುತ್ತಾರೆ. ಹಾಗೆಯೇ ಒಂದು ಪ್ರತಿ ಪ್ರತಿಯಲ್ಲ.

ಈ ಮಾತಿನ ಸತ್ಯವನ್ನು ಅಮೆರಿಕದ ಪಿಕ್ಸಾರ್ ಚಿತ್ರಸಂಸ್ಥೆಯು 1998ರಲ್ಲಿ ಮನಗಂಡಿತು. ಅಲ್ಲಿ ಆಗ ‘ಟಾಯ್ ಸ್ಟೋರಿ 2’ ಎಂಬ ಚಲನಚಿತ್ರವು ಕಂಪ್ಯೂಟರುಗಳ ಮೂಲಕ ಸಿದ್ಧವಾಗುತ್ತಿತ್ತು. ಒಂದು ದಿನ ಯಾರದೋ ಕೈತಪ್ಪಿನಿಂದ ಎಲ್ಲವನ್ನೂ ಅಳಿಸುವ ಆಜ್ಞೆಯೊಂದು ಯಂತ್ರಕ್ಕೆ ಹೋಯಿತು. ನೋಡನೋಡುತ್ತಿದ್ದಂತೆ ಚಿತ್ರದ ಬಹುಭಾಗ ಮಾಯವಾಯಿತು. ಪ್ರತಿಗಳಿವೆಯಲ್ಲ ಎಂದು ಧೈರ್ಯ ತಾಳಿ ಹುಡುಕಿದರೆ, ಪ್ರತಿ ತೆಗೆಯುವ ವ್ಯವಸ್ಥೆಯೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂಬುದು ತಿಳಿದುಬಂತು. ಅದನ್ನು ಯಾರೂ ಪರೀಕ್ಷಿಸಿ ನೋಡಿರಲಿಲ್ಲ. ಸಂಸ್ಥೆಯ ತಂತ್ರನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಆಗ ತಾನೆ ತಾಯಿಯಾಗಿದ್ದಳು. ಮಗುವಿನ ಆರೈಕೆಗಾಗಿ ಮನೆಯಿಂದಲೇ ದುಡಿಯುತ್ತಿದ್ದುದರಿಂದ ಅವಳ ಮನೆಯ ಕಂಪ್ಯೂಟರಿನಲ್ಲಿ ಚಿತ್ರದ ಒಂದು ಪ್ರತಿ ಇತ್ತು. ಆ ಯಂತ್ರವನ್ನು ಕಂಬಳಿಗಳಲ್ಲಿ ಸುತ್ತಿ, ಎಳೆಗೂಸನ್ನು ತರುವಂತೆ ಜೋಪಾನವಾಗಿ ಕಾರಿನಲ್ಲಿ ತಂದರು. ಕಳೆದುಹೋದುದರ ಹೆಚ್ಚಿನ ಭಾಗ ಮರಳಿ ದೊರೆಯಿತು. ಚಿತ್ರವು 1999ರಲ್ಲಿ ತೆರೆಕಂಡಿತು. ದೊಡ್ಡ ಸಂಸ್ಥೆಯ ದುಬಾರಿ ಯಂತ್ರಗಳಿಂದಾಗದ ಕೆಲಸ ಬೇರೊಂದು ಮನೆಯಲ್ಲಿದ್ದ ಒಂದು ಪ್ರತಿಯಿಂದ ಆಯಿತು.

ಇಂತಹ ಅನುಭವಗಳಿಂದ ಬಲ್ಲವರು ಒಂದು ಸರಳವಾದ ಸೂತ್ರವನ್ನು ಕಂಡುಕೊಂಡಿದ್ದಾರೆ: ಪ್ರತಿಗಳು ಮೂರಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಅವುಗಳಲ್ಲಿ ಒಂದು ಬೇರೆ ಮನೆಯಲ್ಲೋ ಬೇರೆ ಊರಿನಲ್ಲೋ ಇರಲಿ. ಮನೆಗೆ ನೆರೆ ಬಂದರೆ, ಕಳ್ಳ ನುಗ್ಗಿದರೆ, ಮೇಜಿನ ಮೇಲಿನ ಕಂಪ್ಯೂಟರೂ ಪಕ್ಕದ ಡಿಸ್ಕೂ ಒಟ್ಟಿಗೆ ಹೋಗುತ್ತವೆ, ದೂರದಲ್ಲಿರುವುದು ಉಳಿಯುತ್ತದೆ. ಪ್ರತಿ ತೆಗೆದಾದ ಮೇಲೆ ಡಿಸ್ಕನ್ನು ಕ್ರಮದಂತೆ ಬೇರ್ಪಡಿಸಿ ಇಡಬೇಕು. ಸದಾ ಜೋಡಿಸಿಯೇ ಇಟ್ಟರೆ ಕಂಪ್ಯೂಟರಿಗೆ ತಗುಲಿದ ದುಷ್ಟ ತಂತ್ರಾಂಶವು ಅದನ್ನೂ ಕೆಡಿಸಬಲ್ಲುದು. ವರ್ಷದಲ್ಲಿ ಕೆಲವು ಬಾರಿಯಾದರೂ ಅದನ್ನು ತೆರೆದು ಎಲ್ಲವೂ ಸರಿಯಾಗಿದೆಯೇ ಎಂದು ನೋಡಬೇಕು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ.

ಆದುದರಿಂದ ಕೈಯಲ್ಲಿರುವ ಹಣದಲ್ಲಿ ಒಂದು ದೊಡ್ಡ, ಬೆಲೆಬಾಳುವ ಡಿಸ್ಕನ್ನು ಕೊಳ್ಳಬೇಕೆ, ಇಲ್ಲವೆ ಸಾಧಾರಣವಾದ ಎರಡನ್ನು ಕೊಳ್ಳಬೇಕೆ ಎಂಬ ಪ್ರಶ್ನೆ ಬಂದರೆ, ಎರಡನ್ನು ಕೊಳ್ಳುವುದೇ ವಿವೇಕ. ಒಂದು ಮನೆಯಲ್ಲಿರಲಿ, ಇನ್ನೊಂದು ಸೋದರಮಾವನ ಮನೆಯ ಕಪಾಟಿನಲ್ಲಿರಲಿ. ಯಾವ ಡಿಸ್ಕೂ ಚಿರಂಜೀವಿಯಲ್ಲ. ತಟ್ಟೆ ಸವೆಯುತ್ತದೆ, ಬಿಲ್ಲೆ ಸೋರುತ್ತದೆ, ಕಾಲಕ್ರಮದಲ್ಲಿ ಯುಎಸ್‌ಬಿಯ ಕಿಂಡಿಗಳೂ ಬದಲಾಗುತ್ತವೆ. ಹಳೆಯ ಪಾತ್ರೆಯಿಂದ ಹೊಸ ಪಾತ್ರೆಗೆ ಕಾಲಕಾಲಕ್ಕೆ ಸುರಿದುಕೊಳ್ಳುವ ಮನುಷ್ಯನ ಎಚ್ಚರವೇ ನೆನಪನ್ನು ಉಳಿಸುವುದು. ಸಾವಿರ ವರ್ಷಗಳ ಹಿಂದೆ ಅತ್ತಿಮಬ್ಬೆಯ ಲಿಪಿಕಾರರು ಕಂಠ ಹಿಡಿದು ಓಲೆಗರಿಯ ಮೇಲೆ ಮಾಡಿದ ಕೆಲಸವೂ ಇದೇ. ಅಂದು ಅದಕ್ಕೆ ಸಾವಿರ ಪ್ರತಿಗಳ ದುಡಿಮೆ ಬೇಕಾಯಿತು. ಇಂದು ಬಿಡುವಿನ ಒಂದು ಸಂಜೆ ಸಾಕು.

ಅಭ್ಯಾಸ

1. ಪೊನ್ನನ ಎರಡು ಕೃತಿಗಳ ಗತಿಯಿಂದ ತಿಳಿದುಬರುವ ನೀತಿ ಯಾವುದು?
2. ತಿರುಗುತ್ತಿರುವ ಹಾರ್ಡ್ ಡಿಸ್ಕ್ ಬಿದ್ದರೆ ಅಪಾಯವೇಕೆ? ವಿವರಿಸಿರಿ.
3. ಹಾರ್ಡ್ ಡಿಸ್ಕಿಗೂ ಎಸ್‌ಎಸ್‌ಡಿಗೂ ಇರುವ ವ್ಯತ್ಯಾಸಗಳನ್ನು ಬರೆಯಿರಿ.
4. ‘ಅವರು ಮಾಡಿದ್ದು ರಕ್ಷಣೆಯಲ್ಲ, ಕೇವಲ ಸ್ಥಳಾಂತರ’ — ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
5. ನಿಮ್ಮ ಮನೆಯಲ್ಲಿ ಒಂದೇ ಪ್ರತಿಯಾಗಿ ಉಳಿದಿರುವ ಪತ್ರ, ಚಿತ್ರ, ಧ್ವನಿಗಳನ್ನು ಪಟ್ಟಿಮಾಡಿ, ಅವುಗಳನ್ನು ಕಾಪಾಡುವ ಬಗೆಯನ್ನು ಹಿರಿಯರೊಡನೆ ಚರ್ಚಿಸಿರಿ.