ಸುಟ್ಟಿದ್ದು ವೈರ್ ಅಲ್ಲ, ಜಾಯಿಂಟ್

ಕಾಮರ್ಸ್‌ನವನಿಗೆ ಫಿಸಿಕ್ಸ್ ಯಾಕೆ ಎಂದು ಸೈನ್ಸ್ ಗೆಳೆಯರು ಕೇಳಬಹುದು. ತ್ಯಾವರೆಕೊಪ್ಪದಲ್ಲಿ ನಮ್ಮ ಮಾಮೂ ಪಂಪ್ ಮೋಟಾರ್ ವೈಂಡಿಂಗ್ ಮಾಡುತ್ತಾರೆ. ರಜೆಯಲ್ಲಿ ನಾನೂ ಜೊತೆಗೆ ಕೂರುತ್ತೇನೆ. ಕಳೆದ ಏಪ್ರಿಲ್‌ನಲ್ಲಿ ಒಂದು ಕಾಯಿಲ್‌ನ ತುದಿಯ ಎನಾಮಲ್ ಪೂರ್ತಿ ಕೆರೆಯದೆ ಬೆಸುಗೆ ಹಾಕಿಬಿಟ್ಟೆ. ಮೂರನೇ ದಿನ ಮೋಟಾರ್ ವಾಪಸ್ ಬಂತು. ಅಷ್ಟರಲ್ಲಿ ಆ ರೈತರ ಅಡಿಕೆ ಸಸಿಗಳು ಬಾಡಿದ್ದವು. ಮಾಮೂ ಬೈಯಲಿಲ್ಲ. ಅವರಿಗೆ ಮಜೂರಿ ಹಿಂದಿರುಗಿಸಿ, "ವೈರ್ ಸುಟ್ಟಿಲ್ಲ ಬೇಟಾ, ಜಾಯಿಂಟ್ ಸುಟ್ಟಿದೆ" ಎಂದರು.

ರೋಧವೇ ಇಲ್ಲದ ವೈರ್ ಇದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲವಲ್ಲ ಎಂದುಕೊಂಡೆ. ಅಂಥ ವೈರ್ ಇದೆ, ಅದಕ್ಕೆ ಅತಿವಾಹಕ ಎನ್ನುತ್ತಾರೆ ಎಂದು ನಮ್ಮ ಫಿಸಿಕ್ಸ್ ಸರ್ ಹೇಳಿದರು. ಜಿನೀವಾ ಬಳಿಯ ಸರ್ನ್ ಸಂಸ್ಥೆಯ 27 ಕಿ.ಮೀ. ಸುತ್ತಳತೆಯ ಕಣ ವೇಗವರ್ಧಕದಲ್ಲಿ ಪ್ರೋಟಾನ್‌ಗಳನ್ನು ಬಾಗಿಸುವ 1,232 ಕಾಂತಗಳಿಗೆ ಸುತ್ತಿರುವುದು ಇದೇ. ನಯೋಬಿಯಂ-ಟೈಟಾನಿಯಂ ಮಿಶ್ರಲೋಹದ, ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳನ್ನು ತಾಮ್ರದೊಳಗೆ ಹುದುಗಿಸಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಒಂದು ತಂತಿ ಮಾಡುತ್ತಾರೆ.

ಆದರೆ ರೋಧ ಸೊನ್ನೆ ಎಂದರೆ ಎಷ್ಟು ಬೇಕಾದರೂ ಕರೆಂಟ್ ಹರಿಸಬಹುದು ಎಂದಲ್ಲ. ನಾನೂ ಇಲ್ಲೇ ತಪ್ಪು ತಿಳಿದಿದ್ದೆ. ಶಾಖ ಹೆಚ್ಚಾದರೆ ಮಿತಿ ಇಳಿಯುತ್ತದೆ. ಕಾಂತಕ್ಷೇತ್ರ ಹೆಚ್ಚಾದರೂ ಇಳಿಯುತ್ತದೆ. ತಮಾಷೆಯೆಂದರೆ, ಆ ಕ್ಷೇತ್ರವನ್ನು ಹುಟ್ಟಿಸುವುದು ಅದೇ ಕಾಯಿಲ್! ಖರ್ಚು ಮಾಡಿದಷ್ಟೂ ಬ್ಯಾಂಕ್ ಲಿಮಿಟ್ ತಾನೇ ಕಡಿಮೆಯಾದ ಹಾಗೆ. ಅದಕ್ಕೇ ದ್ರವ ಹೀಲಿಯಂನಲ್ಲಿ ಮೈನಸ್ 271 ಡಿಗ್ರಿಗೆ ತಣಿಸುತ್ತಾರೆ. ಆಗ 9 ಟೆಸ್ಲಾ ಕ್ಷೇತ್ರದಲ್ಲೂ ಆ ಎಳೆಗಳು ಚದರ ಮಿಲಿಮೀಟರಿಗೆ 2,000 ಆಂಪಿಯರ್ ಹೊರುತ್ತವೆ. ಮಾಮೂ ತಾಮ್ರಕ್ಕೆ ಲೆಕ್ಕ ಹಿಡಿಯುವುದು ಐದರ ಆಸುಪಾಸು.

ಮಿತಿ ಮೀರಿದರೆ ರೋಧ ಫಕ್ಕನೆ ಮರಳುತ್ತದೆ. ಇದಕ್ಕೆ ಕ್ವೆಂಚ್ ಎನ್ನುತ್ತಾರೆ. ಆಗ ಕರೆಂಟಿಗೆ ಬೇರೆ ದಾರಿ ಕೊಡುವುದು ಸುತ್ತಲಿನ ತಾಮ್ರ.

2008ರ ಸೆಪ್ಟೆಂಬರ್ 19ರಂದು ಅಲ್ಲೂ ಒಂದು ಜಾಯಿಂಟೇ ಕೈಕೊಟ್ಟಿತು. ಎರಡು ಕಾಂತಗಳ ನಡುವಿನ ಆ ಬೆಸುಗೆಯಲ್ಲಿ ಸುಮಾರು 200 ನ್ಯಾನೋ ಓಮ್ ರೋಧವಿತ್ತು. ಅಂದರೆ ಒಂದು ಓಮ್‌ನ ಐವತ್ತು ಲಕ್ಷದಲ್ಲೊಂದು ಭಾಗ. ಹರಿಯುತ್ತಿದ್ದದ್ದು 8,700 ಆಂಪಿಯರ್. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದೆ: 15 ವಾಟ್. ನಮ್ಮ ಅಡುಗೆಮನೆಯ ಎಲ್‌ಇಡಿ ಬಲ್ಬಿನಷ್ಟು! ಆದರೆ ಅಷ್ಟು ಚಳಿಯಲ್ಲಿ ಅದೇ ಬೆಂಕಿ. ಜಾಯಿಂಟ್ ಕರಗಿ ಕಿಡಿ ಹಾರಿತು, ಸುಮಾರು 6 ಟನ್ ಹೀಲಿಯಂ ಸೋರಿತು, 53 ಕಾಂತಗಳನ್ನು ಮೇಲೆತ್ತಬೇಕಾಯಿತು. ಯಂತ್ರ ಮತ್ತೆ ಓಡಿದ್ದು 2009ರ ನವೆಂಬರಿನಲ್ಲಿ.

ಅದರ ಸಣ್ಣ ತಿದ್ದುಪಡಿ ಕಾಂತಗಳಲ್ಲಿ ಸುಮಾರು 1,800 ಭಾರತದಿಂದ ಹೋದವು. ಉಸ್ತುವಾರಿ ಇಂದೋರ್‌ನ ಕೇಂದ್ರದ್ದು. ಈಗ ಅದಕ್ಕೆ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರಿದೆ.

ಇದನ್ನೆಲ್ಲ ಮಾಮೂಗೆ ಉರ್ದುವಿನಲ್ಲಿ ಹೇಳಿದೆ. ಪ್ರೋಟಾನ್ ವಿಷಯ ಅವರು ಕೇಳಲೇ ಇಲ್ಲ. "ಮತ್ತೆ ಜಾಯಿಂಟ್ ಏನು ಮಾಡಿದರು?" ಎಂದರು. 2013–14ರಲ್ಲಿ ಯಂತ್ರ ನಿಲ್ಲಿಸಿ, 10,000ಕ್ಕೂ ಹೆಚ್ಚು ಜಾಯಿಂಟ್‌ಗಳಿಗೆ ಮೇಲಿಂದ ತಾಮ್ರದ ಪಟ್ಟಿ ಬೆಸೆದರು ಎಂದೆ. ಮಾಮೂ ತಲೆಯಾಡಿಸಿ, ಎನಾಮಲ್ ಕೆರೆಯುವ ಬ್ಲೇಡನ್ನು ನನ್ನ ಕಡೆ ಸರಿಸಿದರು.