ಮೊದಲು ರಕ್ತ ಪರೀಕ್ಷೆ, ಆಮೇಲೆ ಸ್ಕ್ಯಾನ್

ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗೆಡ್ಡೆ ಎಂದರೆ ಸಾಕು, ಆಪರೇಷನ್ ಯಾವಾಗ ಎಂದು ಮನೆಯವರು ಕೇಳುತ್ತಾರೆ. ಯಾವ ಹಾರ್ಮೋನ್ ಹೆಚ್ಚಾಗಿದೆ ಎಂದು ಕೇಳಬೇಕು. ಈ ಗೆಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲ. ಚಿಕಿತ್ಸೆ ಯಾವುದೆಂದು ಹೇಳುವುದು ಹಾರ್ಮೋನೇ. ಹಾಗಾಗಿ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದವರು ಎಂ.ಆರ್.ಐ.ಗೆಂದು ಬೆಂಗಳೂರಿನ ಬಸ್ ಹತ್ತುವ ಮುಂಚೆ ವೈದ್ಯರನ್ನು ಕೇಳಿ ಹತ್ತಿರದಲ್ಲೇ ರಕ್ತ ಕೊಡುವುದು ಲೇಸು.

ಮುಟ್ಟು ನಿಂತರೆ, ಬಾಣಂತಿಯಲ್ಲದಿದ್ದರೂ ಎದೆಹಾಲು ಬಂದರೆ, ಗಂಡಸರಲ್ಲಿ ಲೈಂಗಿಕ ಆಸಕ್ತಿ ಕುಂದಿದರೆ ಪ್ರೊಲ್ಯಾಕ್ಟಿನ್ ನೋಡಿಸಬೇಕು. ಜೊತೆಗೆ ಥೈರಾಯ್ಡ್‌ನ ಟಿ.ಎಸ್.ಎಚ್., ಹೆಂಗಸರಿಗೆ ಗರ್ಭ ಪರೀಕ್ಷೆಯೂ ಬೇಕು. ಬಸಿರೂ ಥೈರಾಯ್ಡ್ ಕೊರತೆಯೂ ಪ್ರೊಲ್ಯಾಕ್ಟಿನ್ ಏರಿಸುತ್ತವೆ. ಗ್ಯಾಸ್ಟ್ರಿಕ್‌ಗೆಂದು ನುಂಗುವ, ಡೊಂಪೆರಿಡೋನ್ ಬೆರೆತ ಮಾತ್ರೆಯೂ ಏರಿಸುತ್ತದೆ. ಅಂಗಡಿಯಿಂದ ತಾವೇ ತಂದ ಮಾತ್ರೆಯನ್ನು ವೈದ್ಯರ ಮುಂದೆ ಹೇಳುವವರು ಕಡಿಮೆ. ಉಂಗುರ, ಚಪ್ಪಲಿ ಬಿಗಿಯಾಗಿ ದವಡೆ ಮುಂಚಾಚುತ್ತಿದ್ದರೆ ಬೆಳವಣಿಗೆಯ ಹಾರ್ಮೋನ್ ಹೆಚ್ಚಿದೆಯೇ ಎಂದು ತೋರಿಸುವ ಐ.ಜಿ.ಎಫ್.-1 ಪರೀಕ್ಷೆ. ಹಳೆಯ ಫೋಟೊ ಒಯ್ಯಿರಿ, ದಿನವೂ ನೋಡುವವರಿಗೆ ಈ ಬದಲಾವಣೆ ಕಾಣುವುದಿಲ್ಲ. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಮೂಡಿ, ತೊಡೆಯ ಬಲ ಕುಗ್ಗಿದರೆ ಕಾರ್ಟಿಸಾಲ್ ನೋಡುತ್ತಾರೆ: ರಾತ್ರಿ 11ಕ್ಕೆ 1 ಮಿ.ಗ್ರಾಂ. ಡೆಕ್ಸಾಮೆಥಾಸೋನ್ ಕೊಟ್ಟು ಬೆಳಿಗ್ಗೆ 8ಕ್ಕೆ ರಕ್ತ ತೆಗೆಯುತ್ತಾರೆ. ಮಂಡಿನೋವಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ. ಅದೂ ಇದೇ ಲಕ್ಷಣ ತರಬಹುದು.

ಸ್ಕ್ಯಾನ್ ಮಾಡಿಸಿದರೆ ಎಲ್ಲ ತಿಳಿಯುತ್ತದಲ್ಲ ಎನ್ನುವವರುಂಟು. ತೊಂದರೆಯೇ ಇಲ್ಲದ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಈ ಗ್ರಂಥಿಯಲ್ಲಿ ಸಣ್ಣ ಗಂಟು ಕಾಣಿಸಬಹುದು. ಅದರ ಬೆನ್ನು ಹತ್ತಿದರೆ ಹಣವೂ ನೆಮ್ಮದಿಯೂ ಹೋಗುತ್ತವೆ. ಒಂದು ವಿನಾಯಿತಿ: ಅಕ್ಕಪಕ್ಕದ ನೋಟ ಮಸುಕಾದರೆ, ಹಠಾತ್ತನೆ ತಲೆ ಸಿಡಿದು ವಾಂತಿಯಾದರೆ ರಕ್ತದ ವರದಿಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಹೊರಡಿ.

ತಲೆಯೊಳಗಿನ ಗೆಡ್ಡೆಗೆ ಬರೀ ಮಾತ್ರೆಯೇ ಎಂಬ ಅನುಮಾನ ಸಹಜ. ಹಾರ್ಮೋನ್ ಸುರಿಸುವ ಗೆಡ್ಡೆಗಳಲ್ಲಿ ಪ್ರೊಲ್ಯಾಕ್ಟಿನ್‌ನವೇ ಹೆಚ್ಚು. ವಾರಕ್ಕೆ ಒಂದೆರಡು ಸಲದ ಕ್ಯಾಬರ್ಗೊಲಿನ್ ಮಾತ್ರೆ ಹೆಚ್ಚಿನವರಲ್ಲಿ ಗೆಡ್ಡೆಯನ್ನೇ ಕುಗ್ಗಿಸುತ್ತದೆ. ಮುಟ್ಟು ಮರಳಿತೆಂದು ನಡುವೆ ನಿಲ್ಲಿಸಬಾರದು. ಬೆಳವಣಿಗೆಯ ಹಾರ್ಮೋನ್, ಕಾರ್ಟಿಸಾಲ್ ಹೆಚ್ಚಿಸುವ ಗೆಡ್ಡೆಗಳಿಗೆ ಸಾಮಾನ್ಯವಾಗಿ ಮೂಗಿನ ಮೂಲಕ ಶಸ್ತ್ರಚಿಕಿತ್ಸೆಯೇ ಮೊದಲ ದಾರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಶಸ್ತ್ರಚಿಕಿತ್ಸೆಯ ವಿಭಾಗವಿದೆ. ಬಿ.ಪಿ.ಎಲ್. ಕುಟುಂಬದವರು ಹೊರಡುವ ಮುಂಚೆ ಚಿಕ್ಕಬಳ್ಳಾಪುರ ಜಿಲ್ಲಾಸ್ಪತ್ರೆಯಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ಶಿಫಾರಸು ಪತ್ರದ ಬಗ್ಗೆ ವಿಚಾರಿಸಿ. ರಕ್ತದ ವರದಿಗಳ ಜೊತೆ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಗಳನ್ನೂ ಅದೇ ಚೀಲದಲ್ಲಿ ಒಯ್ಯಿರಿ.